ಚರ್ಚಿನ ಹಳೆಯ ಬಣ್ಣದ ಗಾಜಿನ ಕಿಟಕಿ: ಬಿಚ್ಚಬೇಕೇ, ಬಿಚ್ಚಿದರೆ ಹೇಗೆ?

ಕಿಟಕಿ ಉಬ್ಬಿದೆ, ಮಳೆಗೆ ನೀರು ಒಳಗಿಳಿಯುತ್ತದೆ, ಒಂದೆರಡು ಗಾಜು ಬಿರುಕು ಬಿಟ್ಟಿವೆ. ಇಂಥ ದೂರು ಬಂದ ಕೂಡಲೇ ಚರ್ಚ್ ಸಮಿತಿಯಲ್ಲಿ ಯಾರಾದರೊಬ್ಬರು ‘ಪೂರ್ತಿ ಬಿಚ್ಚಿಸಿ ಹೊಸ ಸೀಸ ಹಾಕಿಸಿಬಿಡೋಣ’ ಅನ್ನುತ್ತಾರೆ. (ಗಾಜಿನ ತುಂಡುಗಳನ್ನು ಹಿಡಿದಿರುವುದು ಸೀಸದ ಪಟ್ಟಿಗಳು.) ಬಹಳ ಸಲ ಅದು ಬೇಕಾಗುವುದಿಲ್ಲ. ಬೇಕಾದಾಗಲೂ ಆ ಕೆಲಸದಲ್ಲಿ ಹಾಳಾಗುವುದು ಸೀಸವಲ್ಲ, ಗಾಜಿನ ಮೇಲಿನ ಚಿತ್ರ. ಆದ್ದರಿಂದ ಮೊದಲು ಕಿಟಕಿಯಲ್ಲಿ ಏನೇನಿದೆ ಎಂದು ತಿಳಿದುಕೊಳ್ಳಿ.

ನಮ್ಮ ದೇಶದ ಚರ್ಚುಗಳಲ್ಲಿರುವ ಬಣ್ಣದ ಗಾಜು ಹೆಚ್ಚಾಗಿ 19ನೇ ಶತಮಾನದ ಉತ್ತರಾರ್ಧದ್ದು ಅಥವಾ 20ನೇ ಶತಮಾನದ ಮೊದಲ ಭಾಗದ್ದು, ಯುರೋಪಿನಿಂದ ಹಡಗಿನಲ್ಲಿ ಬಂದದ್ದು. ಮುಂಬೈನ ಅಫ್ಘನ್ ಚರ್ಚಿನಲ್ಲಿ ವಿಲಿಯಂ ವೇಲ್ಸ್ ಕಾರ್ಖಾನೆಯ ಗಾಜಿದೆ. ಕೋಲ್ಕತ್ತದ ಸೇಂಟ್ ಪಾಲ್ಸ್ ಕೆಥೆಡ್ರಲಿನ ಪಶ್ಚಿಮದ ಕಿಟಕಿ ಎಡ್ವರ್ಡ್ ಬರ್ನ್-ಜೋನ್ಸ್ ವಿನ್ಯಾಸ. 1933ರಲ್ಲಿ ಶಂಕುಸ್ಥಾಪನೆಯಾದ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಗಾಜುಗಳಲ್ಲಿ ಯೇಸುವಿನ ಜನನದಿಂದ ಸ್ವರ್ಗಾರೋಹಣದವರೆಗಿನ ಚಿತ್ರಗಳಿವೆ. ಇವುಗಳ ಗಾಜು ಸಾಮಾನ್ಯವಾಗಿ ಗಟ್ಟಿ. ಯುರೋಪಿನ ಮಧ್ಯಯುಗದ, ಮರದ ಬೂದಿಯಿಂದ ಮಾಡಿದ ಪೊಟ್ಯಾಶ್ ಗಾಜಿನ ಹಾಗೆ ಇದು ನೀರು ಕುಡಿದು ಗುಳಿಬೀಳುವುದು ಅಪರೂಪ. ತೊಂದರೆ ಇರುವುದು ಬಣ್ಣದ ಪದರದಲ್ಲಿ, ಸೀಸದಲ್ಲಿ, ಕಬ್ಬಿಣದಲ್ಲಿ.

ಬಣ್ಣ ಮೂರು ರೀತಿಯಲ್ಲಿ ಬಂದಿರುತ್ತದೆ. ಒಂದು, ಗಾಜು ಕರಗಿಸುವಾಗಲೇ ಲೋಹದ ಆಕ್ಸೈಡ್ ಬೆರೆಸಿದ್ದು. ಕೋಬಾಲ್ಟಿನಿಂದ ನೀಲಿ, ಹೀಗೆ. ಇದರಲ್ಲಿ ಕೆಂಪು ಬೇರೆ ಜಾತಿ: ಗಾಜಿನ ಪೂರ್ತಿ ದಪ್ಪಕ್ಕೂ ಕೆಂಪು ಬೆರೆಸಿದರೆ ಕಪ್ಪಾಗಿ ಕಾಣುತ್ತದೆಂದು ಬಿಳಿ ಗಾಜಿನ ಮೇಲೆ ತೆಳ್ಳನೆ ಕೆಂಪು ಚರ್ಮ ಹೊದಿಸಿರುತ್ತಾರೆ. ಕೆಂಪು ಗಾಜನ್ನು ಬ್ಲೇಡಿನಿಂದ ಕೆರೆದರೆ ಆ ಚರ್ಮಕ್ಕೇ ಗೀರು ಬೀಳುತ್ತದೆ. ಎರಡನೆಯದು ಸಿಲ್ವರ್ ಸ್ಟೇನ್. ಬೆಳ್ಳಿಯ ಲವಣ ಬಳಿದು ಸುಟ್ಟಾಗ ಬರುವ ಹಳದಿ, ಸಾಮಾನ್ಯವಾಗಿ ಗಾಜಿನ ಹೊರಮೈಯಲ್ಲಿ ಇರುತ್ತದೆ. ಮೂರನೆಯದು ಕಪ್ಪು-ಕಂದು ಗೆರೆ, ನೆರಳು, ಮುಖ, ಬೆರಳು, ಅಕ್ಷರ. ಗಾಜಿನ ಪುಡಿಗೆ ಕಬ್ಬಿಣ ಅಥವಾ ತಾಮ್ರದ ಆಕ್ಸೈಡ್ ಕಲಸಿ ಬರೆದು, ಕುಲುಮೆಯಲ್ಲಿ ಸುಟ್ಟು ಅಂಟಿಸಿದ್ದು. ಸರಿಯಾಗಿ ಸುಟ್ಟಿದ್ದರೆ ಶತಮಾನಗಳಷ್ಟು ಬಾಳುತ್ತದೆ. ಆದರೆ 1860-70ರ ದಶಕಗಳಲ್ಲಿ ಇಂಗ್ಲೆಂಡಿನ ಕೆಲವು ಕಾರ್ಖಾನೆಗಳು ಬಣ್ಣ ಕಡಿಮೆ ಬಿಸಿಗೇ ಕರಗಲಿ ಎಂದು ಬೊರ್ಯಾಕ್ಸ್ ಬೆರೆಸಿದವು. ತೇವಕ್ಕೆ ಸಿಕ್ಕಿದ ಆ ಬಣ್ಣ ಪುಡಿಯಾಗಿ ಉದುರಿತು. ಕಣ್ಣು-ಮೂಗಿಲ್ಲದ ಖಾಲಿ ಮುಖದ ಸಂತರು ಹಳೆಯ ಕಿಟಕಿಗಳಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ.

ಮೊದಲು ತಪಾಸಣೆ

ಬಣ್ಣದಿಂದ ಶುರುಮಾಡಿ. ಟಾರ್ಚನ್ನು ಗಾಜಿಗೆ ಬಹುತೇಕ ಒರಗಿಸಿ ಹಿಡಿದು, ಓರೆ ಬೆಳಕಿನಲ್ಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಿಂದ ಗೆರೆಗಳ ಅಂಚು ನೋಡಿ. ಅಂಚು ಎದ್ದಿದೆಯೇ? ಕಪ್ಪು ಗೆರೆಯ ನಡುವೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳಿವೆಯೇ? ಅನುಮಾನವಿದ್ದರೆ ಹತ್ತಿಕಡ್ಡಿಯನ್ನು ಡಿಸ್ಟಿಲ್ಡ್ ನೀರಲ್ಲಿ ಅದ್ದಿ, ಹಿಂಡಿ, ಕಾಣದ ಮೂಲೆಯಲ್ಲಿ ಒಂದು ಗೆರೆಯ ಮೇಲೆ ಒಮ್ಮೆ ಉರುಳಿಸಿ. ಉಜ್ಜಬೇಡಿ, ಉರುಳಿಸಿ. ಹತ್ತಿ ಬೂದು ಬಣ್ಣವಾದರೆ ಅದು ಧೂಳು. ಕಪ್ಪೋ ಕೆಂಗಂದೋ ಅಂಟಿದರೆ ಅದು ಚಿತ್ರ. ಅಂಥ ಪ್ಯಾನೆಲನ್ನು, ಅಂದರೆ ಸೀಸದಿಂದ ಕಟ್ಟಿದ ಕಿಟಕಿಯ ಆ ಭಾಗವನ್ನು, ಅಲ್ಲೇ ಬಿಡಿ. ಸಡಿಲ ಬಣ್ಣವನ್ನು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ಅಂಟಿನ ತೆಳು ದ್ರಾವಣದಿಂದ ಹನಿಹನಿಯಾಗಿ ಹಿಡಿದಿಡುವುದು ಸೂಕ್ಷ್ಮದರ್ಶಕದ ಕೆಳಗೆ ಮಾಡುವ ಕೆಲಸ. ತರಬೇತಾದ ಸಂರಕ್ಷಕರನ್ನೇ ಕರೆಸಬೇಕು.

ನಂತರ ಸೀಸ. ಗಾಜಿನ ತುಂಡುಗಳನ್ನು ಹಿಡಿದಿರುವ ಪಟ್ಟಿಯ ಅಡ್ಡಕೊಯ್ತ ಇಂಗ್ಲಿಷಿನ ಎಚ್ ಅಕ್ಷರದಂತೆ: ಎರಡು ಕಡೆ ರೆಕ್ಕೆ, ಮಧ್ಯೆ ನಡು. ಅಂಗೈಯಿಂದ ಪ್ಯಾನೆಲನ್ನು ಬಹಳ ಹಗುರವಾಗಿ ಒತ್ತಿ. ಗಲಗಲ ಅಂದರೆ ಒಳಗಿನ ಪುಟ್ಟಿ ಉದುರಿಹೋಗಿದೆ ಎಂದರ್ಥ, ಸೀಸ ಸತ್ತಿದೆ ಎಂದಲ್ಲ. ಬೆಸುಗೆಯ ಪಕ್ಕದಲ್ಲೇ ರೆಕ್ಕೆಗಳಿಗೆ ಅಡ್ಡವಾಗಿ ಕೂದಲೆಳೆ ಬಿರುಕು ಹುಡುಕಿ. ಬೆಸುಗೆ ಗಟ್ಟಿ, ಸೀಸ ಮೆತ್ತಗೆ. ಬಿಸಿಲು-ತಂಪಿನ ಹಿಗ್ಗು-ಕುಗ್ಗಿಗೆ ಇವೆರಡರ ಗಡಿಯಲ್ಲೇ ಲೋಹ ದಣಿದು ಒಡೆಯುತ್ತದೆ. ಅಲ್ಲೊಂದು ಇಲ್ಲೊಂದು ಬಿರುಕಿದ್ದರೆ ಇದ್ದಲ್ಲೇ ಬೆಸೆಯಬಹುದು. ಪಟ್ಟಿಗಳು ಸೇರುವ ಪ್ರತಿ ಕೂಡಿನಲ್ಲೂ ಒಡೆದಿದ್ದು, ರೆಕ್ಕೆ ಕಾಗದದಂತೆ ಮುರಿಯುತ್ತಿದ್ದರೆ ಮಾತ್ರ ಪೂರ್ತಿ ಹೊಸ ಸೀಸದ ಮಾತು.

ಉಬ್ಬಿಗೆ ಹೆದರಬೇಡಿ. ನೇರ ಪಟ್ಟಿಯೊಂದನ್ನು ಪ್ಯಾನೆಲಿಗೆ ಅಡ್ಡ ಹಿಡಿದು ಅಳೆಯಿರಿ. ಒಂದೂವರೆ ಇಂಚು, ಅಂದರೆ 38 ಮಿ.ಮೀ.ವರೆಗಿನ ಉಬ್ಬನ್ನು ಬಿರುಕಿಲ್ಲದ ಪ್ಯಾನೆಲ್ ಎಷ್ಟೋ ಸಲ ತಾಳಿಕೊಂಡು ನಿಂತಿರುತ್ತದೆ. ಮುಖ್ಯ ಪ್ರಶ್ನೆ, ಅದು ಬೆಳೆಯುತ್ತಿದೆಯೇ ಎಂಬುದು. ದಿನಾಂಕ ಹಾಕಿ ಬರೆದಿಡಿ, ವರ್ಷ ಬಿಟ್ಟು ಅದೇ ಜಾಗದಲ್ಲಿ ಅಳೆಯಿರಿ. ಉಬ್ಬಿನ ಕಾರಣ ಹಲವು ಸಲ ಸೀಸದಲ್ಲಿರುವುದೇ ಇಲ್ಲ. ಪ್ಯಾನೆಲನ್ನು ಕಿಟಕಿಯ ಕಬ್ಬಿಣದ ಅಡ್ಡ ಕಂಬಿಗೆ ಕಟ್ಟಿದ ತಾಮ್ರದ ತಂತಿ ತುಂಡಾಗಿರುತ್ತದೆ, ಹಾಗಾಗಿ ಅದು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಬಣ್ಣ ಗಟ್ಟಿ ಇರುವ ಕಡೆ ನಾಲ್ಕು ಹೊಸ ತಂತಿ ಬೆಸೆದು ಕಟ್ಟಿದರೆ ಮುಗಿಯುವ ಕೆಲಸಕ್ಕೆ ಇಡೀ ಕಿಟಕಿ ಬಿಚ್ಚಿಸಿದವರಿದ್ದಾರೆ.

ಕಬ್ಬಿಣವನ್ನು ಕೊನೆಗೆ ನೋಡಿದರೂ ಕಡೆಗಣಿಸಬೇಡಿ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತಿನ್ನುತ್ತದೆ. ಕಲ್ಲಿನೊಳಗೆ ಹೂತ ಕಂಬಿಯ ತುದಿ ತುಕ್ಕು ಹಿಡಿದು ಊದಿದಾಗ ಕಿಟಕಿಯ ಕಲ್ಲಂಚು ಸೀಳುತ್ತದೆ, ಪಕ್ಕದ ಗಾಜು ಒಡೆಯುತ್ತದೆ. ಹಾಗೆ ಒಡೆದ ಗಾಜನ್ನು ಮಾತ್ರ ಬದಲಿಸಿ ಕಂಬಿಯನ್ನು ಬಿಟ್ಟರೆ ಹೊಸ ಗಾಜೂ ಒಡೆಯುತ್ತದೆ.

ದಾಖಲೆ

ಕೈ ಹಾಕುವ ಮುಂಚೆ ಪ್ರತಿ ಪ್ಯಾನೆಲಿನ ಫೋಟೋ ಬೇಕು: ಹೊರಗಿನ ಬೆಳಕು ಹಾಯ್ದು ಬರುವಾಗ ಒಂದು, ಒಳಮೈ ಬೆಳಗಿಸಿ ಒಂದು, ಹೊರಮೈ ಒಂದು, ಓರೆ ಬೆಳಕಿನಲ್ಲಿ ಒಂದು. ಪ್ರತಿಯೊಂದರಲ್ಲೂ ಅಳತೆಪಟ್ಟಿ ಮತ್ತು ಬಣ್ಣದ ಕಾರ್ಡ್ ಇರಲಿ.

ಸಂಖ್ಯೆ ಕೊಡಲು 1952ರಲ್ಲಿ ಶುರುವಾದ, ಮಧ್ಯಯುಗದ ಬಣ್ಣದ ಗಾಜನ್ನು ದಾಖಲಿಸುವ ಅಂತರರಾಷ್ಟ್ರೀಯ ಸಂಸ್ಥೆ ಕಾರ್ಪಸ್ ವಿಟ್ರಿಯಾರಮ್‌ನ ಪದ್ಧತಿ ಅನುಕೂಲ. ಒಳಗೆ ನಿಂತು ನೋಡುವಾಗ ಕೆಳಗಿನ ಸಾಲು 1, ಅದರ ಮೇಲಿನದು 2. ಎಡದಿಂದ ಬಲಕ್ಕೆ ಎ, ಬಿ, ಸಿ. ಹಾಗಾಗಿ ಕೆಳಗಿನ ಎಡ ಮೂಲೆಯದು 1ಎ. ಬಲಿಪೀಠದ ಹಿಂದಿನ ಕಿಟಕಿಯಿಂದ ಎಣಿಕೆ ಆರಂಭಿಸಿ, ಉತ್ತರದ ಗೋಡೆಯದು, ದಕ್ಷಿಣದ ಗೋಡೆಯದು ಎಂದು ಬೇರೆ ಮಾಡಿ. ನಮ್ಮಲ್ಲಿ ಎಲ್ಲ ಚರ್ಚುಗಳೂ ಪೂರ್ವಕ್ಕೆ ಮುಖ ಮಾಡಿಲ್ಲ. ಬಲಿಪೀಠ ಇರುವ ದಿಕ್ಕನ್ನೇ ಪೂರ್ವ ಎಂದು ಹಿಡಿದು, ಹಾಗೆ ಹಿಡಿದಿದ್ದೇವೆಂದು ನಕ್ಷೆಯಲ್ಲಿ ಬರೆದುಬಿಡಿ. ಧರ್ಮಪ್ರಾಂತ್ಯದ ಲಿಖಿತ ಒಪ್ಪಿಗೆ ಈ ಹಂತದಲ್ಲೇ ಕೈಯಲ್ಲಿರಬೇಕು.

ಇಳಿಸುವುದು

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಇದಕ್ಕೆ ಸರಿಯಾದ ಕಾಲ. ಮುಂಗಾರಿಗೆ ಮೊದಲು ಕಿಟಕಿ ವಾಪಸು ಕೂರಬೇಕು. ಆಗುವುದಿಲ್ಲ ಅನ್ನಿಸಿದರೆ ಕಿಂಡಿ ಮುಚ್ಚಲು ಮರೈನ್ ಪ್ಲೈವುಡ್ ಅಳತೆಗೆ ಕತ್ತರಿಸಿ ಮೊದಲೇ ಸಿದ್ಧವಿರಲಿ. ಸಾರುವೆ ಒಳಗೂ ಹೊರಗೂ ಎರಡೂ ಕಡೆ ಬೇಕು. ಒಂದೇ ಕಡೆಯಿಂದ ಪ್ಯಾನೆಲ್ ತೆಗೆಯಲು ಹೋದರೆ ಅದು ಮಡಚಿಕೊಳ್ಳುತ್ತದೆ.

ಕಲ್ಲಿನ ಗಾಡಿಯಲ್ಲಿ (ಪ್ಯಾನೆಲಿನ ಅಂಚು ಕೂರಲು ಕಲ್ಲಿನಲ್ಲಿ ಕೊರೆದ ಸಾಲು) ಸುಣ್ಣದ ಗಾರೆ ಹಾಕಿದ್ದರೆ ಅದೃಷ್ಟ. ಸಣ್ಣ ಉಳಿ ಮತ್ತು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಉದುರುತ್ತದೆ. ಹಿಂದಿನ ರಿಪೇರಿಯಲ್ಲಿ ಸಿಮೆಂಟ್ ತುಂಬಿದ್ದರೆ 3 ಮಿ.ಮೀ. ಬಿಟ್ಟಿನಿಂದ ಒತ್ತೊತ್ತಾಗಿ ರಂಧ್ರ ಕೊರೆದು, ಸಿಮೆಂಟನ್ನು ದುರ್ಬಲ ಮಾಡಿ, ಪುಡಿಪುಡಿಯಾಗಿ ಕೀಳಿ. ಆಂಗಲ್ ಗ್ರೈಂಡರ್ ಹತ್ತಿರ ತರಲೇಬೇಡಿ. ಅದುರುವುದು ಒಂದು ತೊಂದರೆ. ಇನ್ನೊಂದು, ಕಂಬಿಗೆ ತಾಗಿದಾಗ ಹಾರುವ ಉಕ್ಕಿನ ಕಿಡಿಗಳು ಗಾಜಿನ ಮೈಗೆ ಕಚ್ಚಿಕೊಂಡು, ತುಕ್ಕಿನ ಚುಕ್ಕೆಗಳಾಗಿ ಉಳಿದುಬಿಡುತ್ತವೆ.

ಕಟ್ಟುತಂತಿಗಳನ್ನು ತಿರುಚಿ ಬಿಚ್ಚಬೇಡಿ, ಕತ್ತರಿಸಿ. ಸಾಮಾನ್ಯವಾಗಿ ಮೇಲಿನ ಪ್ಯಾನೆಲಿನಿಂದ ಕೆಳಕ್ಕೆ ಬನ್ನಿ. ಗಾಡಿ ಒಂದು ಬದಿಯಲ್ಲಿ ಆಳವಾಗಿರುತ್ತದೆ. ಪ್ಯಾನೆಲನ್ನು ಆ ಕಡೆಗೆ ಸರಿಸಿದರೆ ಇನ್ನೊಂದು ಬದಿ ಬಿಡುಗಡೆಯಾಗುತ್ತದೆ. ಸಿಕ್ಕಿಕೊಂಡರೆ ಅಂಚಿನ ಸೀಸದ ರೆಕ್ಕೆಯನ್ನು ಬಗ್ಗಿಸಿ ಜಾಗ ಮಾಡಿಕೊಳ್ಳಿ. ಸೀಸ ಬಗ್ಗಿದರೆ ನಷ್ಟವಿಲ್ಲ. ಬಿರುಕಿರುವ ಗಾಜಿಗೆ ಟೇಪ್ ಹಚ್ಚಬೇಕೆನಿಸಿದರೆ ಬಣ್ಣವಿಲ್ಲದ ಮೈಗೆ ಮಾತ್ರ. ಬಣ್ಣದ ಮೇಲೆ ಹಚ್ಚಿದ ಟೇಪ್ ಕೀಳುವಾಗ ಮುಖವನ್ನೇ ಕಿತ್ತುಕೊಂಡು ಬಂದೀತು.

ಚದರ ಮೀಟರಿಗೆ ಸುಮಾರು 15ರಿಂದ 20 ಕಿಲೋ ತೂಗುವ ವಸ್ತು ಇದು. ಯಾವಾಗಲೂ ನಿಲ್ಲಿಸಿಯೇ ಹೊತ್ತೊಯ್ಯಿರಿ. ಹಪ್ಪಳದಂತೆ ಅಡ್ಡ ಹಿಡಿದರೆ ನಡುವೆ ಮುರಿಯುತ್ತದೆ. ಮೇಜಿನ ಮೇಲೆ ಮಲಗಿಸುವಾಗ ಅಡಿಗೆ ಹಲಗೆ ಕೊಟ್ಟು, ಹಲಗೆಯ ಸಮೇತ ಇಳಿಸಿ.

ಇಲ್ಲಿಂದ ಮುಂದೆ ಸೀಸದ ವಿಷದ ಬಗ್ಗೆ ಎಚ್ಚರ ಬೇಕು. ಹಳೆಯ ಸೀಸದ ಮೇಲಿನ ಬಿಳಿ ಪುಡಿ ಸೀಸದ ಲವಣ; ಉಸಿರಿಗೂ ಬಾಯಿಗೂ ಹೋಗಬಾರದು. ಪಿ100 ಫಿಲ್ಟರಿನ ಮಾಸ್ಕ್ ಮತ್ತು ನೈಟ್ರೈಲ್ ಗ್ಲೌಸ್ ಹಾಕಿ. ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ ಅಥವಾ ಹೆಪಾ ಫಿಲ್ಟರಿನ ವ್ಯಾಕ್ಯೂಮ್ ಬಳಸಿ. ಕೆಲಸದ ಜಾಗದಲ್ಲಿ ಟೀ, ಬೀಡಿ, ಎಲೆಅಡಿಕೆ ಯಾವುದೂ ಬೇಡ. ಕೆಲಸದ ಬಟ್ಟೆ ಮನೆಗೆ ಹೋಗಬಾರದು. ಗರ್ಭಿಣಿಯರು, ಮಕ್ಕಳು ಆ ಕೋಣೆಗೆ ಬರಬಾರದು. ವರ್ಷವಿಡೀ ಇದೇ ಕೆಲಸ ಮಾಡುವವರು ರಕ್ತದ ಸೀಸದ ಪರೀಕ್ಷೆ ಮಾಡಿಸಿಕೊಳ್ಳುತ್ತಿರಬೇಕು.

ಉಜ್ಜಚ್ಚು, ಶುಚಿ, ಬಿಚ್ಚುವಿಕೆ

ಮೇಜಿನ ಮೇಲೆ ಬಂದ ಪ್ಯಾನೆಲಿಗೆ ತೆಳು ಕಾಗದ ಹೊದಿಸಿ, ಮೇಣದ ಕಪ್ಪು ಬಳಪವನ್ನು ಮಲಗಿಸಿ ಉಜ್ಜಿದರೆ ಸೀಸದ ಜಾಲವೆಲ್ಲ ಮೂಡುತ್ತದೆ. ಇದೇ ಉಜ್ಜಚ್ಚು. ಬಣ್ಣ ಸಡಿಲವಿದ್ದರೆ ಈ ಒತ್ತಡವೂ ಅತಿಯಾದೀತು. ಆಗ ನೇರವಾಗಿ ತೆಗೆದ ಫೋಟೋವನ್ನು ನಿಜ ಅಳತೆಗೆ ಮುದ್ರಿಸಿ. ಎರಡು ಪ್ರತಿ ಬೇಕು. ಒಂದರಲ್ಲಿ ಪ್ರತಿ ಪಟ್ಟಿಯ ಅಗಲ, ಬಿರುಕು, ಹಳೆಯ ರಿಪೇರಿ, ಬದಲಿ ಗಾಜು ಎಲ್ಲವನ್ನೂ ಗುರುತು ಹಾಕಿ. ಇನ್ನೊಂದರ ಮೇಲೆ ಬಿಚ್ಚಿದ ತುಂಡುಗಳನ್ನು ಅವುಗಳ ಜಾಗದಲ್ಲೇ ಇಡುತ್ತಾ ಹೋಗಬೇಕು.

ಶುಚಿಗೆ ಮೆತ್ತನೆಯ ಬ್ರಷ್, ಆಮೇಲೆ ಹತ್ತಿಕಡ್ಡಿ ಮತ್ತು ಡಿಸ್ಟಿಲ್ಡ್ ನೀರು. ಬ್ಯಾಟರಿಗೆಂದು ಅಂಗಡಿಯಲ್ಲಿ ಸಿಗುವ ನೀರು ಸಾಕು, ಲೇಬಲ್ಲಿನಲ್ಲಿ ಆಸಿಡ್ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಮೇಣದಬತ್ತಿ, ಸಾಂಬ್ರಾಣಿಯ ಜಿಡ್ಡು ಹೊಗೆಗೆ ನೀರು ಮತ್ತು ಎಥನಾಲ್ ಸಮಪಾಲು ಬೆರೆಸಿ. ಹತ್ತಿ ಕೊಳೆಯಾದ ಕೂಡಲೇ ಎಸೆದು ಹೊಸದು ತೆಗೆದುಕೊಳ್ಳಿ. ಒಂದು ಸಾಧಾರಣ ಪ್ಯಾನೆಲಿಗೆ ನೂರಾರು ಕಡ್ಡಿ ಮುಗಿಯುತ್ತವೆ, ಜಿಪುಣತನ ಬೇಡ. ಗೋಡೆಗೆ ಸುಣ್ಣ-ಪೇಂಟ್ ಹೊಡೆದಾಗ ಸಿಡಿದ ಕಲೆಗಳು ಬಣ್ಣವಿಲ್ಲದ, ಕೆಂಪು ಚರ್ಮವಿಲ್ಲದ ಮೈಯಲ್ಲಿದ್ದರೆ ಲೂಪ್ ಇಟ್ಟು ಸ್ಕಾಲ್ಪೆಲ್‌ನಿಂದ ಎಬ್ಬಿಸಬಹುದು. ಗಾಜು ಹೊಳೆಸುವ ಅಮೋನಿಯಾ ದ್ರಾವಣ, ಟಾಯ್ಲೆಟ್ ಆಸಿಡ್, ಉಕ್ಕಿನ ನಾರು, ಪಾತ್ರೆ ಪುಡಿ ಇವು ಯಾವುವೂ ಬೇಡ. ‘ಸ್ವಲ್ಪ ಆಸಿಡ್ ಹಾಕಿದ್ರೆ ಪಳಪಳ ಅನ್ನುತ್ತೆ ಸಾರ್’ ಅನ್ನುವ ಗುತ್ತಿಗೆದಾರರಿಗೆ ಕಿಟಕಿ ಮುಟ್ಟಲು ಬಿಡಬೇಡಿ. ಪಳಪಳ ಅನ್ನುವುದು ಬಣ್ಣ ಹೋದ ಗಾಜು.

ಸೀಸ ಬಿಚ್ಚಲೇಬೇಕಾದಾಗ ಅಂಚಿನಿಂದ ಒಳಗೆ ಬನ್ನಿ. ಕೂಡಿನ ಹತ್ತಿರ ಸಣ್ಣ ನಿಪ್ಪರ್‌ನಿಂದ ರೆಕ್ಕೆ ಕತ್ತರಿಸಿ, ಸೀಸವನ್ನು ಗಾಜಿನಿಂದ ಆಚೆಗೆ ಎಳೆಯಿರಿ. ಗಾಜನ್ನು ಸೀಸದಿಂದ ಎಳೆಯಬೇಡಿ. ಅಂಚಿಗೆ ಕಚ್ಚಿದ ಪುಟ್ಟಿಯನ್ನು ಬಿದಿರಿನ ಕಡ್ಡಿಯಿಂದ ಕೆರೆಯಿರಿ. ತೆಗೆದ ಸೀಸವನ್ನೆಲ್ಲ ಗುಜರಿಗೆ ಹಾಕುವ ಮುಂಚೆ ಒಂದೆರಡು ಪಟ್ಟಿ ಬಿಡಿಸಿ ನಡುವಿನ ಮೈ ನೋಡಿ. ಪಟ್ಟಿ ಎಳೆಯುವ ಯಂತ್ರದ ಹಲ್ಲುಗುರುತು ಅಲ್ಲಿರುತ್ತದೆ. ಹಳೆಯ ಪಟ್ಟಿಗಳಲ್ಲಿ ಅಪರೂಪಕ್ಕೆ ಕೆಲಸದವನ ಹೆಸರಿನ ಅಕ್ಷರವೋ ಇಸವಿಯೋ ಅಚ್ಚಾಗಿರುವುದುಂಟು. ಬೇರೆ ಬೇರೆ ಅಳತೆಯ ಪಟ್ಟಿಗಳ ಮಾದರಿ ಕತ್ತರಿಸಿ, ಚೀಟಿ ಅಂಟಿಸಿ, ಚರ್ಚಿನ ದಾಖಲೆಯ ಜೊತೆ ಇಡಿ.

ಒಡೆದ ಗಾಜು

ಹಿಂದಿನವರು ಬಿರುಕಿನ ಮೇಲೊಂದು ಸೀಸದ ಪಟ್ಟಿ ಹೂಡಿಬಿಡುತ್ತಿದ್ದರು. ಗಟ್ಟಿ ಕೆಲಸವೇ, ಆದರೆ ಮಾತೆಯ ಕೆನ್ನೆಯ ಮೇಲೆ 6 ಮಿ.ಮೀ. ಕಪ್ಪು ಗೆರೆ. ಈಗ ಅಂಚಿಗೆ ಅಂಚು ಅಂಟಿಸುವುದು ವಾಡಿಕೆ.

ನೀರಿನಷ್ಟು ತೆಳುವಾದ, ಗಾಜಿನ ಹಾಗೇ ಬೆಳಕು ಬಾಗಿಸುವ ಎಪಾಕ್ಸಿ ಅಂಟು ಬೇಕು. ಹೆಕ್ಸ್‌ಟಾಲ್ ಎನ್‌ವೈಎಲ್-1 ಅಥವಾ ಅರಾಲ್ಡೈಟ್ 2020 ಆಗಬಹುದು. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಅರಾಲ್ಡೈಟ್ ದಪ್ಪ, ಬೇಗ ಹಳದಿಯಾಗುತ್ತದೆ, ಇಲ್ಲಿಗೆ ಸಲ್ಲದು. ಅರಾಲ್ಡೈಟ್ 2020ರ ಪ್ರಮಾಣ ತೂಕದಲ್ಲಿ 100ಕ್ಕೆ 30, ಅಂದರೆ 10 ಗ್ರಾಂ ರೆಸಿನ್‌ಗೆ 3 ಗ್ರಾಂ ಹಾರ್ಡನರ್. 0.01 ಗ್ರಾಂ ತೋರಿಸುವ ತಕ್ಕಡಿಯಲ್ಲೇ ತೂಗಿ. ಹನಿ ಎಣಿಸಿ ಬೆರೆಸಿದ್ದು ತಿಂಗಳಾದರೂ ಅಂಟಂಟಾಗಿಯೇ ಉಳಿದೀತು.

ಒಡೆದ ಅಂಚುಗಳನ್ನು ಅಸಿಟೋನಿನಿಂದ ಒರೆಸಿ, ಆದರೆ ಬಣ್ಣದ ಗೆರೆ ಅಂಚಿನವರೆಗೂ ಬಂದಿದ್ದರೆ ಮೊದಲು ಪರೀಕ್ಷಿಸಿ. ತುಂಡುಗಳನ್ನು ಒಣದಾಗಿಯೇ ಜೋಡಿಸಿ, ಬಣ್ಣವಿಲ್ಲದ ಮೈಯಲ್ಲಿ ಸಣ್ಣ ಟೇಪ್ ಸೇತುವೆಗಳಿಂದ ಹಿಡಿಸಿ. ಬಿರುಕಿನ ಮೇಲೆ ಉಗುರು ಹಾಯಿಸಿದರೆ ಎಲ್ಲೂ ತಡೆಯಬಾರದು. ಆಮೇಲೆ ಕಡ್ಡಿಯ ತುದಿಯಿಂದ ಒಂದೊಂದೇ ಹನಿ ಬಿರುಕಿನ ಮೇಲಿಡಿ. ಬತ್ತಿ ಎಣ್ಣೆ ಹೀರುವಂತೆ ಬಿರುಕೇ ಅಂಟನ್ನು ಒಳಗೆಳೆದುಕೊಳ್ಳುತ್ತದೆ, ಬೆಳ್ಳಿಗೆರೆಯಂತೆ ಹೊಳೆಯುತ್ತಿದ್ದ ಬಿರುಕು ಕಣ್ಣೆದುರೇ ಮಾಯವಾಗುತ್ತಾ ಹೋಗುತ್ತದೆ. ಹೊಳಪು ಉಳಿದ ಕಡೆ ಗಾಳಿ ಸಿಕ್ಕಿದೆ. ಅಲ್ಲಿಗೆ ಇನ್ನೊಂದು ಹನಿ. ಮೇಲೆ ನಿಂತ ಅಂಟನ್ನು ಪೂರ್ತಿ ಗಟ್ಟಿಯಾಗುವ ಮೊದಲೇ ಸ್ಕಾಲ್ಪೆಲ್‌ನಿಂದ ಎತ್ತಿ. ಹೆಕ್ಸ್‌ಟಾಲ್ ಆದರೆ ಒಂದು ವಾರ ಅಲುಗಾಡಿಸಬೇಡಿ.

ಎಪಾಕ್ಸಿಗೆ ಬಿಸಿಲಿನ ನೇರಳಾತೀತ ಕಿರಣ ಆಗದು. ಹೊರಗೆ ರಕ್ಷಕ ಗಾಜು ಹಾಕುವ ಯೋಜನೆ ಇಲ್ಲದ, ಮಳೆ-ಬಿಸಿಲಿಗೆ ನೇರ ಸಿಗುವ ಕಿಟಕಿಗೆ ತಾಮ್ರದ ಹಾಳೆಯ ವಿಧಾನ ಲೇಸು. ಎರಡೂ ಅಂಚಿಗೆ ಅಂಟುಳ್ಳ ತಾಮ್ರದ ಹಾಳೆ ಸುತ್ತಿ, ಬೆಸೆದರೆ ಎಳೆಯಂಥ ಗೆರೆ ಉಳಿಯುತ್ತದೆ. ಬೆಸುಗೆಯ ಬಿಸಿ ತಾಗುವುದರಿಂದ ಸಡಿಲ ಬಣ್ಣದ ಪಕ್ಕದಲ್ಲಿ ಇದನ್ನು ಮಾಡಬೇಡಿ.

ಕಳೆದುಹೋದ ತುಂಡಿಗೆ ಹೊಸ ಗಾಜು ಕತ್ತರಿಸಿ, ಬೇಕಾದರೆ ಬಣ್ಣ ಬರೆದು ಸುಡಿ. ಬಣ್ಣದ ತಯಾರಕರು ಹೇಳಿದ ಬಿಸಿಯಲ್ಲಿ ಮೊದಲು ಪರೀಕ್ಷೆಯ ತುಂಡು ಸುಟ್ಟು ನೋಡಿ. ಹೊಸ ತುಂಡಿನ ಮೇಲೆ, ಸೀಸದ ರೆಕ್ಕೆಯ ಹತ್ತಿರ, ಇಸವಿ ಗೀಚಿಡಿ. ಮುಂದೆ ನೋಡುವವರು ಅಸಲಿ ಎಂದು ತಿಳಿಯಬಾರದು. ಹಳೆಯ ಗಾಜನ್ನು ಎಂದಿಗೂ ಮತ್ತೆ ಕುಲುಮೆಗೆ ಹಾಕಬೇಡಿ. ಹಳೆಯ ಬಣ್ಣ ಕುದಿದೀತು, ಗಾಜು ಸಿಡಿದೀತು. ಮುಖ ಅಳಿಸಿಹೋದ ಗಾಜಿಗೆ ಹಿಂದಿನಿಂದ 1ರಿಂದ 2 ಮಿ.ಮೀ. ತೆಳು ಗಾಜಿನ ತಟ್ಟೆಯೊಂದನ್ನು ಅದೇ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗೆರೆ ಬರೆದು ಸುಟ್ಟು, ಅಸಲಿಯ ಬೆನ್ನಿಗೆ ಕೂರಿಸಬಹುದು. ಬೆಳಕಿಗೆ ಎರಡೂ ಸೇರಿ ಮುಖ ಕಾಣುತ್ತದೆ, ಅಸಲಿ ಹಾಗೇ ಇರುತ್ತದೆ. ಬೇಡವೆನಿಸಿದ ದಿನ ತಟ್ಟೆ ತೆಗೆದರಾಯಿತು. ಆದರೆ ಮುಖ ಹೇಗಿತ್ತು ಎನ್ನುವುದಕ್ಕೆ ಹಳೆಯ ಫೋಟೋವೋ ಗಾಜಿನ ಮೇಲಿನ ಅಳಿದ ಗೆರೆಯ ನೆರಳೋ ಆಧಾರವಿರಬೇಕು. ಊಹೆಯ ಮೇಲೆ ಕಣ್ಣು-ಮೂಗು ಬರೆಯುವುದಕ್ಕಿಂತ ಖಾಲಿ ಬಿಡುವುದೇ ವಾಸಿ.

ಸೀಸ ಕೂರಿಸುವುದು

ಹೊಸ ಪಟ್ಟಿಗಳ ಅಗಲ ಹಳೆಯದಕ್ಕೆ ಸರಿಹೊಂದಬೇಕು. ಒಂದೇ ಪ್ಯಾನೆಲಿನಲ್ಲಿ 4, 6, 8, 10 ಮಿ.ಮೀ. ಇದ್ದರೆ ಅವೆಲ್ಲವೂ ಹಾಗೇ ಬರಬೇಕು. ಅದು ಚಿತ್ರಕಾರನ ಗೆರೆ, ಮಾರುಕಟ್ಟೆಯಲ್ಲಿ ಸಿಕ್ಕಿದ ಒಂದೇ ಅಳತೆಯಲ್ಲಿ ಮುಗಿಸುವಂಥದ್ದಲ್ಲ. ಬಳಸುವ ಮುಂಚೆ ಪಟ್ಟಿಯ ಒಂದು ತುದಿಯನ್ನು ವೈಸಿಗೆ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಿಂದ ಹಿಡಿದು ನೇರವಾಗುವವರೆಗೆ ಎಳೆಯಿರಿ. ಸ್ವಲ್ಪ ಬಿಗಿಯೂ ಆಗುತ್ತದೆ. ಅತಿ ಎಳೆದರೆ ನಡು ತೆಳ್ಳಗಾಗಿ ಹರಿಯುತ್ತದೆ.

ಉಜ್ಜಚ್ಚಿನ ಕಾಗದವನ್ನು ಹಲಗೆಗೆ ಹೊಡೆದು, ಎರಡು ರೀಪರ್ ಪಟ್ಟಿಗಳನ್ನು ಮೂಲೆಮಟ್ಟಕ್ಕೆ ಕೂರಿಸಿ, ಮೂಲೆಯಿಂದ ಕಟ್ಟುತ್ತಾ ಹೋಗಿ. ಗಾಜನ್ನು ತಾತ್ಕಾಲಿಕವಾಗಿ ತಡೆಯಲು ಲಾಳದ ಮೊಳೆ ಒಳ್ಳೆಯದು, ಅದರ ಚಪ್ಪಟೆ ಮೈ ಅಂಚು ಸಿಡಿಸುವುದಿಲ್ಲ. ಇಲ್ಲಿ ಎಲ್ಲರೂ ಎಡವುವುದು ಅಳತೆಯಲ್ಲಿ. ಪ್ರತಿ ಪಟ್ಟಿಯ ಬಳಿ ಬರೀ 0.2 ಮಿ.ಮೀ. ಸಂದು ಉಳಿದರೂ ಅಡ್ಡಕ್ಕೆ ಇಪ್ಪತ್ತು ಪಟ್ಟಿಯಿರುವ ಪ್ಯಾನೆಲ್ 4 ಮಿ.ಮೀ. ಹಿಗ್ಗುತ್ತದೆ, ಗಾಡಿಯಲ್ಲಿ ಕೂರುವುದಿಲ್ಲ. ಆಗ ಕೆಲವರು ಹಳೆಯ ಗಾಜನ್ನೇ ಉಜ್ಜಿ ಸಣ್ಣದು ಮಾಡುತ್ತಾರೆ. ಅದು ಅಕ್ಷಮ್ಯ. ಪ್ರತಿ ಸಾಲಿಗೂ ಉಜ್ಜಚ್ಚಿನ ಜೊತೆ ತಾಳೆ ನೋಡುತ್ತಾ, ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ಕೂರಿಸುತ್ತಾ ಬಂದರೆ ಆ ಸಂಕಟವಿಲ್ಲ. ಹೊಸ ಪಟ್ಟಿಯ ನಡು ಹಳೆಯದಕ್ಕಿಂತ ದಪ್ಪವಿಲ್ಲ ಎಂಬುದನ್ನೂ ವರ್ನಿಯರ್‌ನಿಂದ ನೋಡಿ.

ಬೆಸುಗೆಗೆ 60/40 ತವರ-ಸೀಸ. ಅದು 190 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ, ಸೀಸ ಕರಗುವುದು 327ಕ್ಕೆ. ಬಿಸಿ ಸಾಲ್ಡರಿಂಗ್ ಐರನ್ನನ್ನು ಒಂದೇ ಕಡೆ ಊರಿ ನಿಲ್ಲಿಸಿದರೆ ಪಟ್ಟಿಯೇ ಕರಗಿ ತೂತಾಗುತ್ತದೆ. ರದ್ದಿ ತುಂಡಿನ ಮೇಲೆ ಕೈ ಪಳಗಿಸಿಕೊಳ್ಳಿ. ಕೂಡನ್ನು ಹಿತ್ತಾಳೆ ಬ್ರಷ್ಷಿನಿಂದ ಹೊಳೆಸಿ, ಸ್ಟಿಯರಿನ್ ಬತ್ತಿ ಅಥವಾ ಒಲೀಕ್ ಆಮ್ಲ ಸವರಿ, ಮುಟ್ಟಿ ಎತ್ತಿ. ಬೆಸುಗೆ ಚಪ್ಪಟೆಯಾಗಿ ಹರಡಬೇಕು, ಗುಂಡಗೆ ಉಬ್ಬಿ ನಿಂತರೆ ಬಿಸಿ ಸಾಲಲಿಲ್ಲ. ಜಿಂಕ್ ಕ್ಲೋರೈಡ್ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಸವರುವ ವಸ್ತು) ಬೇಡ, ಉಳಿಕೆ ರೆಕ್ಕೆಯಡಿ ಸೇರಿ ಮುಂದೆ ಕೊರೆಯುತ್ತದೆ. ಅಡ್ಡ ಕಂಬಿ ಬರುವ ಮಟ್ಟದಲ್ಲಿರುವ ಕೂಡುಗಳಿಗೆ 16 ಗೇಜಿನ, ಸುಮಾರು 10 ಸೆಂ.ಮೀ. ಉದ್ದದ ತಾಮ್ರದ ತಂತಿಗಳನ್ನು ಬೆಸೆಯಿರಿ.

ಪುಟ್ಟಿ ತುಂಬುವುದು

ಎರಡು ಪಾಲು ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ, ಒಂದು ಪಾಲು ಟರ್ಪೆಂಟೈನ್. ಇದಕ್ಕೆ ವೈಟಿಂಗ್ ಪುಡಿ (ನಯವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ) ಸೇರಿಸುತ್ತಾ ಗಟ್ಟಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ. ಶಾಲೆಯ ಚಾಕ್‌ಪೀಸ್ ಕುಟ್ಟಿ ಹಾಕಬೇಡಿ, ಅದರಲ್ಲಿ ಬಹುಪಾಲು ಜಿಪ್ಸಮ್ ಇರುತ್ತದೆ. ಬೂದು ಬಣ್ಣ ಬರುವಷ್ಟು ದೀಪದ ಕಾಡಿಗೆ ಬೆರೆಸಿ. ಬೇಗ ಒಣಗಲೆಂದು ಸಿಮೆಂಟ್, ಪ್ಲಾಸ್ಟರ್ ಆಫ್ ಪ್ಯಾರಿಸ್ ಸೇರಿಸಿದರೆ ಪ್ಯಾನೆಲ್ ಬಗ್ಗುವ ಗುಣ ಕಳೆದುಕೊಂಡು ಗಾಜು ಸಿಡಿಯುತ್ತದೆ.

ಗಿಡ್ಡ ಬ್ರಷ್ಷಿನಿಂದ ರೆಕ್ಕೆಗಳ ಅಡಿಗೆ ತುರುಕಿ, ರೆಕ್ಕೆಯನ್ನು ಮರದ ಚಪ್ಪಟೆ ತುಂಡಿನಿಂದ ಒತ್ತಿ ಮುಚ್ಚಿ. ಮೇಲೆ ಒಣ ವೈಟಿಂಗ್ ಇಲ್ಲವೇ ಮರದ ಹೊಟ್ಟು ಉದುರಿಸಿ ಬ್ರಷ್ ಮಾಡಿದರೆ ಹೆಚ್ಚಿನ ಎಣ್ಣೆ ಹೀರಿಕೊಳ್ಳುತ್ತದೆ. ಮಗುಚಿ ಇನ್ನೊಂದು ಮೈಗೂ ಹೀಗೇ. ಮರುದಿನ ಅಂಚಿನಲ್ಲಿ ಒಸರಿದ್ದನ್ನು ಚೂಪು ಕಡ್ಡಿಯಿಂದ ತೆಗೆದು, ಒಂದರಿಂದ ಎರಡು ವಾರ ಮಲಗಿಸಿಡಿ. ಬಣ್ಣ ನಾಜೂಕಾಗಿರುವ ಒಳಮೈಗೆ ಈ ಬ್ರಷ್ಷಿನ ಕೆಲಸ ಮಾಡಲೇಬೇಡಿ. ಹೊರಮೈಯಿಂದ ಮಾತ್ರ, ಗಟ್ಟಿ ಪುಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ತುಂಬಿ.

ಎಣ್ಣೆ ಮೆತ್ತಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಬಟ್ಟೆಯ ಮುದ್ದೆಗೆ ಕಿಡಿ ಇಲ್ಲದೆಯೂ ಬೆಂಕಿ ಹತ್ತುತ್ತದೆ. ನೀರಿರುವ ಮುಚ್ಚಳದ ಡಬ್ಬಿಗೆ ಹಾಕಿ.

ಮತ್ತೆ ಕಿಂಡಿಗೆ

ಹಳೆಯ ಕಂಬಿಗಳ ನಡುಭಾಗ ಗಟ್ಟಿಯಿದ್ದರೆ, ಕಲ್ಲಿಗೆ ಹೋಗುವ ತುದಿಗಳನ್ನಷ್ಟೇ ಕತ್ತರಿಸಿ ಸ್ಟೇನ್‌ಲೆಸ್ ತುದಿ ಬೆಸೆಸಬಹುದು. ಕರಾವಳಿಯಲ್ಲಿ 316 ದರ್ಜೆಯದೇ ಬೇಕು. ಉಳಿದ ಕಬ್ಬಿಣಕ್ಕೆ ಜಿಂಕ್ ಪ್ರೈಮರ್, ಮೇಲೆ ಎರಡು ಕೋಟ್ ಪೇಂಟ್. ಗಾಡಿಗೆ ಒಂದು ಪಾಲು ಸುಣ್ಣಕ್ಕೆ ಎರಡೂವರೆ-ಮೂರು ಪಾಲು ತೊಳೆದ ಮರಳಿನ ಗಾರೆ. ಮೇಲಿನ ಪ್ಯಾನೆಲಿನ ರೆಕ್ಕೆ ಕೆಳಗಿನದರ ಮೇಲೆ ಹೊರಗಡೆಯಿಂದ ಇಳಿಬಿದ್ದಿರಬೇಕು, ಹೆಂಚಿನ ಹಾಗೆ. ತಾಮ್ರದ ತಂತಿಯನ್ನು ಕಂಬಿಗೆ ಸುತ್ತಿ ಎರಡು ಮೂರು ತಿರುವು ಕೊಟ್ಟು ಮಡಚಿ. ಅಡಿಯಲ್ಲಿ ನೀರು ಹೊರಹೋಗುವ ತೂತು ಮುಚ್ಚಿಹೋಗಿದ್ದರೆ ಬಿಡಿಸಿ.

ಎಲ್ಲಾದರೂ ಸಿಲಿಕೋನ್ ಬಳಸಲೇಬೇಕಾದರೆ ವಿನೆಗರ್ ವಾಸನೆ ಬರುವುದನ್ನು ತರಬೇಡಿ. ಆ ವಾಸನೆ ಅಸಿಟಿಕ್ ಆಮ್ಲದ್ದು, ಅದು ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಡಬ್ಬಿಯ ಮೇಲೆ ನ್ಯೂಟ್ರಲ್ ಕ್ಯೂರ್ ಎಂದಿರಬೇಕು.

ರಕ್ಷಣೆಗೆಂದು ಹೊರಗಡೆ ಪಾಲಿಕಾರ್ಬೊನೇಟ್ ಹಾಳೆ ಹೊಡೆದು ಸುತ್ತ ಸೀಲ್ ಮಾಡುವುದು ನಮ್ಮಲ್ಲಿ ಬಹಳ ನಡೆಯುತ್ತದೆ. ನಡುವಿನ ಗಾಳಿ ಹಗಲು ಒಲೆಯಂತೆ ಕಾಯುತ್ತದೆ, ಸೀಸ ಹಿಗ್ಗಿ ಉಬ್ಬುತ್ತದೆ. ರಾತ್ರಿ ಒಳಗೆ ನೀರ ಹನಿ ಕಟ್ಟುತ್ತದೆ. ಹಾಳೆ ಕೆಲವೇ ವರ್ಷಗಳಲ್ಲಿ ಹಳದಿಯಾಗುತ್ತದೆ. ಸರಿಯಾದ ಕ್ರಮವನ್ನು ಇಂಗ್ಲೆಂಡಿನ ಯಾರ್ಕ್ ಮಿನ್‌ಸ್ಟರಿನಲ್ಲಿ ನೋಡಬಹುದು. ಜಾನ್ ಥಾರ್ನ್‌ಟನ್ 1405ರಿಂದ 1408ರ ನಡುವೆ ಮಾಡಿದ ಅಲ್ಲಿನ ಪೂರ್ವದ ಮಹಾಕಿಟಕಿಯ 311 ಪ್ಯಾನೆಲುಗಳ ಸಂರಕ್ಷಣೆ 2018ರಲ್ಲಿ ಮುಗಿಯಿತು. ಹಳೆಯ ಗಾಡಿಗೆ ರಕ್ಷಕ ಗಾಜು ಹೋಗಿ, ಅಸಲಿ ಪ್ಯಾನೆಲುಗಳು ಲೋಹದ ಚೌಕಟ್ಟಿನಲ್ಲಿ ಒಳಗಡೆ ನಿಂತಿವೆ. ನಡುವಿನ ಸಂದು ಮೇಲೂ ಕೆಳಗೂ ಚರ್ಚಿನ ಒಳಗಾಳಿಗೆ ತೆರೆದಿರಬೇಕು. ಸಂದು 30ರಿಂದ 50 ಮಿ.ಮೀ.ಗಿಂತ ಕಡಿಮೆಯಾದರೆ ಗಾಳಿ ಸರಿಯಾಗಿ ಆಡುವುದಿಲ್ಲ. ಇದು ದುಬಾರಿ. ಕಲ್ಲೇಟು, ಕ್ರಿಕೆಟ್ ಚೆಂಡಿನ ಭಯವಷ್ಟೇ ಇದ್ದರೆ ಕಿಟಕಿಯಿಂದ 5 ಸೆಂ.ಮೀ. ಆಚೆಗೆ ನಿಲ್ಲಿಸಿದ ಸ್ಟೇನ್‌ಲೆಸ್ ಜಾಲರಿ ಸಾಕು.

ಕೆಲಸ ಮುಗಿದ ಮೇಲೆ ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಕಿಟಕಿಯ ಸುತ್ತ ಗೋಡೆಯ ಬಿರುಕಿನಲ್ಲಿ ಅರಳಿ ಸಸಿ ಎದ್ದಿದ್ದರೆ ಬೇರು ಇಳಿಯುವ ಮೊದಲೇ ಕೀಳಿ, ಪಾರಿವಾಳದ ಗೂಡು ತೆಗೆಯಿರಿ, ನೀರಿನ ತೂತು ಚುಚ್ಚಿ ನೋಡಿ, ತಂತಿಗಳನ್ನು ಬೆರಳಿನಿಂದ ಮುಟ್ಟಿ ಎಣಿಸಿ. ಡಿಸೆಂಬರಿನಲ್ಲಿ ಇನ್ನೊಂದು ಸುತ್ತು ಬನ್ನಿ: ಕ್ರಿಸ್‌ಮಸ್ ನಕ್ಷತ್ರವನ್ನೋ ಸೀರಿಯಲ್ ಸೆಟ್ಟನ್ನೋ ಯಾರೂ ಅಡ್ಡ ಕಂಬಿಗೆ ಕಟ್ಟದ ಹಾಗೆ, ಗೋಡೆಗೆ ಬೇರೆಯೇ ಕೊಕ್ಕೆ ಹೊಡೆಸಿಕೊಡಿ.